ಹಲ್ಲಿಗೆ ಹಿಡಿಕೆ ಹುಡುಕಿದ ಎಡ್ವರ್ಡ್ ಆ್ಯಂಗಲ್

ಶಾಲೆ, ಕಾಲೇಜಿಗೆ ಹೋಗುವ ಮಕ್ಕಳ ನಗೆಯಲ್ಲಿ ಮಿನುಗುವ ತಂತಿ ಇಂದು ನಗರವಾಸಿಗಳಿಗೆ ಹೊಸ ನೋಟವೇನಲ್ಲ. ಹಲ್ಲಿಗೆ ಕ್ಲಿಪ್ ಹಾಕಿಸುವುದು ಎಂದು ನಾವು ಆಡುಮಾತಿನಲ್ಲಿ ಹೇಳುವ ಈ ಚಿಕಿತ್ಸೆಗೆ ವೈದ್ಯರು ಇಟ್ಟಿರುವ ಹೆಸರು ಆರ್ಥೊಡಾಂಟಿಕ್ಸ್. ಪ್ರತಿ ಹಲ್ಲಿನ ಮೇಲೂ ಬ್ರಾಕೆಟ್ ಎಂಬ ಪುಟ್ಟ ಬಿಲ್ಲೆಯನ್ನು ಅಂಟಿಸಿ, ಅದರ ನಡುವಿನ ಸೀಳಿನಲ್ಲಿ ತಂತಿ ಕೂರಿಸಿ, ತಿಂಗಳುಗಟ್ಟಲೆ ಮೃದುವಾದ ಒತ್ತಡ ನೀಡುತ್ತ ವಕ್ರ ಹಲ್ಲುಗಳನ್ನು ಸಾಲಿಗೆ ತರಲಾಗುತ್ತದೆ.

ಬ್ರಾಕೆಟ್ ಅಂಟಿಸುವ ಮುನ್ನ ವೈದ್ಯರು ಹಲ್ಲಿನ ಹೊರಕವಚವಾದ ಎನಾಮಲ್ ಮೇಲೆ ಆಮ್ಲವನ್ನು ಸವರುತ್ತಾರೆ. ಕೆಲವು ಚಿಕಿತ್ಸಾಲಯಗಳಲ್ಲಿ ಆಮ್ಲದ ಬದಲು ಲೇಸರ್ ಕಿರಣವನ್ನು ಬಳಸುವುದೂ ಉಂಟು. ನುಣುಪಾದ ಎನಾಮಲ್ ಒರಟಾಗದೆ ಅಂಟು ನಿಲ್ಲುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಆಶ್ಚರ್ಯದ ಸಂಗತಿ ಎಂದರೆ, ಬ್ರಾಕೆಟ್ಟಿಗೆ ಇಂದಿನ ರೂಪ ಕೊಟ್ಟ ಮಹನೀಯರು ಇಂತಹ ಅಂಟನ್ನು ತಮ್ಮ ಜೀವಿತಾವಧಿಯಲ್ಲಿ ಕಾಣಲೇ ಇಲ್ಲ. ಅವರೇ ಆಧುನಿಕ ಆರ್ಥೊಡಾಂಟಿಕ್ಸ್‌ನ ಪಿತಾಮಹ ಎಂದು ಹೆಸರಾದ ಅಮೆರಿಕದ ದಂತವೈದ್ಯ ಎಡ್ವರ್ಡ್ ಹಾರ್ಟ್ಲಿ ಆ್ಯಂಗಲ್.

ಹೊಲದಿಂದ ದಂತವೈದ್ಯಕ್ಕೆ

ಆ್ಯಂಗಲ್ ಅವರು ಹುಟ್ಟಿದ್ದು 1855ರ ಜೂನ್ 1ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬ್ರಾಡ್‌ಫೋರ್ಡ್ ಕೌಂಟಿಯ ಹೆರಿಕ್ ಎಂಬಲ್ಲಿ. ಬೇಸಾಯದ ಕುಟುಂಬ. ಬಾಲಕನಿಗೆ ಪುಸ್ತಕಗಳಿಗಿಂತ ಉಪಕರಣಗಳ ಮೇಲೆ ಹೆಚ್ಚು ಪ್ರೀತಿ. ಮುರಿದದ್ದನ್ನು ಸರಿಪಡಿಸುವುದು, ಕಟ್ಟಿಗೆ ಲೋಹಗಳಿಂದ ಹೊಸದೇನನ್ನಾದರೂ ಮಾಡುವುದು ಅವನ ಹವ್ಯಾಸವಾಗಿತ್ತು. ಮಗನ ಕೈಚಳಕವನ್ನು ಗುರುತಿಸಿದ ತಾಯಿ, ಹೊಲದ ಕೆಲಸಕ್ಕಿಂತ ದಂತವೈದ್ಯವೇ ಇವನಿಗೆ ಒಗ್ಗುವ ವೃತ್ತಿ ಎಂದು ತೀರ್ಮಾನಿಸಿ ದಂತವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಕಳುಹಿಸಿದರು. ಅಂದಿನ ದಂತವೈದ್ಯ ಅರ್ಧ ವೈದ್ಯಕೀಯ, ಅರ್ಧ ಅಕ್ಕಸಾಲಿಗತನ ಎನ್ನುವಂತಿದ್ದ ಕಾಲವದು. ಆ ಕಲಿಕೆಯ ನಂತರ ಅವರು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ದಂತ ಶಸ್ತ್ರಚಿಕಿತ್ಸಾ ಕಾಲೇಜು ಸೇರಿ 1878ರಲ್ಲಿ ಪದವಿ ಪಡೆದರು. ಟೊವಾಂಡಾ ಪಟ್ಟಣದಲ್ಲಿ ವೃತ್ತಿ ಆರಂಭಿಸಿದರು.

ಆದರೆ ಆರೋಗ್ಯ ಕೈಕೊಟ್ಟಿತು. ಶ್ವಾಸಕೋಶದ ತೊಂದರೆಯಿಂದ ಬಳಲಿದ ಅವರು ಹವೆ ಬದಲಾವಣೆಗಾಗಿ ಪಶ್ಚಿಮದತ್ತ ಹೊರಟರು. 1880ರ ದಶಕದ ಆರಂಭದಲ್ಲಿ ಮೊಂಟಾನಾದಲ್ಲಿ ಕುರಿ ಸಾಕಣೆಗೂ ಕೈಹಾಕಿದರು. ಭೀಕರ ಚಳಿಗಾಲವೊಂದು ಆ ಸಾಹಸವನ್ನು ನೆಲಕಚ್ಚಿಸಿತು. ಕುರಿಗಳನ್ನು ಕಳೆದುಕೊಂಡ ಆ್ಯಂಗಲ್ ಮಿನಿಯಾಪೊಲಿಸ್ ನಗರಕ್ಕೆ ಬಂದು ಮತ್ತೆ ದಂತವೈದ್ಯವನ್ನೇ ಆಶ್ರಯಿಸಿದರು. 1886ರ ಹೊತ್ತಿಗೆ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರೂ ಆದರು.

ತುಂಡು ತುಂಡಾಗಿದ್ದ ವಿದ್ಯೆ

ವಕ್ರ ಹಲ್ಲುಗಳನ್ನು ಸರಿಪಡಿಸುವ ಪ್ರಯತ್ನ ಆ್ಯಂಗಲ್ ಅವರಿಂದಲೇ ಆರಂಭವಾಯಿತು ಎನ್ನಲಾಗದು. ಅವರಿಗೂ ಮುಂಚೆ ಯುರೋಪ್ ಮತ್ತು ಅಮೆರಿಕದಲ್ಲಿ ಹಲವರು ತಂತಿ, ತಿರುಪು, ರಬ್ಬರುಗಳನ್ನು ಬಳಸಿ ಹಲ್ಲು ಸರಿಸಲು ಯತ್ನಿಸಿದ್ದರು. ಆದರೆ ಅದಕ್ಕೊಂದು ವ್ಯವಸ್ಥೆ ಇರಲಿಲ್ಲ. ಪ್ರತಿ ವೈದ್ಯನೂ ಪ್ರತಿ ರೋಗಿಗೂ ಹೊಸದಾಗಿ ಉಪಕರಣ ತಯಾರಿಸಬೇಕಿತ್ತು. ಯಾವ ಹಲ್ಲು ಎಲ್ಲಿರಬೇಕು ಎಂಬುದಕ್ಕೂ ಒಪ್ಪಿತ ಅಳತೆಗೋಲು ಇರಲಿಲ್ಲ.

1887ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಒಂಬತ್ತನೇ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಆ್ಯಂಗಲ್ ತಮ್ಮ ಪದ್ಧತಿಯನ್ನು ಮಂಡಿಸಿದರು. ಕೆಲವೇ ಬಗೆಯ ಸಿದ್ಧ ಬಿಡಿಭಾಗಗಳನ್ನು ಬೇಕಾದಂತೆ ಜೋಡಿಸಿ ಹೆಚ್ಚಿನ ರೋಗಿಗಳಿಗೆ ಚಿಕಿತ್ಸೆ ನೀಡಬಹುದು ಎಂಬುದು ಅದರ ತಿರುಳು. ಸಭೆಯಲ್ಲಿ ಬಿಸಿ ಚರ್ಚೆ ನಡೆಯಿತು. ಹಿರಿಯರು ಕೆಲವರು ಇದರಲ್ಲಿ ಹೊಸತೇನಿದೆ ಎಂದು ಕೆದಕಿದರು. ಮುಂದೆ ಅವರು ತಮ್ಮ ಉಪಕರಣಗಳಿಗೆ ಪೇಟೆಂಟ್ ಪಡೆದು ಮಾರುಕಟ್ಟೆಗೆ ಬಿಟ್ಟಾಗಲೂ ಟೀಕೆ ತಪ್ಪಲಿಲ್ಲ. ವೈದ್ಯನಾದವನು ವ್ಯಾಪಾರಿಯಾಗಬಾರದು ಎಂಬುದು ಟೀಕಾಕಾರರ ವಾದ. ಆದರೆ ಸಣ್ಣ ಊರಿನ ದಂತವೈದ್ಯನೂ ಈ ಚಿಕಿತ್ಸೆ ನೀಡಲು ಸಾಧ್ಯವಾದದ್ದು ಸಿದ್ಧ ಬಿಡಿಭಾಗಗಳಿಂದಲೇ ಎಂಬುದನ್ನು ಮರೆಯುವಂತಿಲ್ಲ.

1892ರಲ್ಲಿ ಆ್ಯಂಗಲ್ ಸಾಮಾನ್ಯ ದಂತವೈದ್ಯವನ್ನು ತೊರೆದು ಹಲ್ಲು ಸರಿಪಡಿಸುವ ಕೆಲಸಕ್ಕೆ ಮಾತ್ರ ತಮ್ಮನ್ನು ಸೀಮಿತಗೊಳಿಸಿಕೊಂಡರು. ಈ ಒಂದೇ ವಿದ್ಯೆಯನ್ನು ನಂಬಿ ಬದುಕಬಹುದು ಎಂದು ಆಗ ಹೆಚ್ಚಿನವರು ಊಹಿಸಿರಲಿಲ್ಲ. 1895ರಲ್ಲಿ ಸೇಂಟ್ ಲೂಯಿಸ್ ನಗರಕ್ಕೆ ಸ್ಥಳಾಂತರಗೊಂಡ ಅವರು, ಎರಡು ವರ್ಷಗಳ ನಂತರ ಅಲ್ಲಿ ವೈದ್ಯಕೀಯ ಪದವಿಯನ್ನೂ ಪಡೆದರು.

ಮೂರು ವರ್ಗ, ಒಂದು ಹಲ್ಲು

ಆ್ಯಂಗಲ್ ಅವರ ಹೆಸರನ್ನು ಜಗತ್ತಿನ ಎಲ್ಲ ದಂತವೈದ್ಯ ಕಾಲೇಜುಗಳಿಗೆ ತಲುಪಿಸಿದ್ದು 1899ರಲ್ಲಿ ಅವರು ಪ್ರಕಟಿಸಿದ ಒಂದು ವರ್ಗೀಕರಣ. ಮಗುವಿಗೆ ಸುಮಾರು ಆರು ವರ್ಷವಾದಾಗ ಮೂಡುವ ಮೊದಲ ಶಾಶ್ವತ ದವಡೆಹಲ್ಲನ್ನು ಅವರು ಇಡೀ ಬಾಯಿಯ ಆಧಾರಸ್ತಂಭ ಎಂದು ಭಾವಿಸಿದರು. ಮೇಲಿನ ಆ ಹಲ್ಲಿನ ಮುಂಭಾಗದ ಹೊರ ಮೊನೆ ಕೆಳಗಿನ ಜೊತೆ ಹಲ್ಲಿನ ತೋಡಿನಲ್ಲಿ ಸರಿಯಾಗಿ ಕುಳಿತರೆ ದವಡೆಗಳ ಸಂಬಂಧ ಸರಿಯಾಗಿದೆ ಎಂದರ್ಥ.

ಈ ಸಂಬಂಧ ಸರಿ ಇದ್ದು ಮುಂದಿನ ಹಲ್ಲುಗಳು ಮಾತ್ರ ಸೊಟ್ಟಗಿದ್ದರೆ ಮೊದಲ ವರ್ಗ. ಕೆಳ ಹಲ್ಲುಗಳು ಇರಬೇಕಾದುದಕ್ಕಿಂತ ಹಿಂದೆ ಉಳಿದಿದ್ದರೆ ಎರಡನೇ ವರ್ಗ. ಮುಂದೆ ಬಂದಿದ್ದರೆ ಮೂರನೇ ವರ್ಗ. ಇಷ್ಟು ಸರಳವಾದ ಸೂತ್ರ ವೈದ್ಯರಿಗೆ ಒಂದು ಸಾಮಾನ್ಯ ಭಾಷೆಯನ್ನು ಒದಗಿಸಿತು. ನೂರು ವರ್ಷಗಳಿಗೂ ಹೆಚ್ಚು ಕಾಲ ಸಂದಿದ್ದರೂ, ಬೆಂಗಳೂರು ಮಣಿಪಾಲಗಳ ದಂತವೈದ್ಯ ವಿದ್ಯಾರ್ಥಿಗಳು ಇಂದಿಗೂ ರೋಗಿಯ ಬಾಯಿ ತೆರೆಸಿ ಮೊದಲು ಗುರುತಿಸುವುದು ಈ ವರ್ಗವನ್ನೇ.

1900ರಲ್ಲಿ ಅವರು ಸೇಂಟ್ ಲೂಯಿಸ್‌ನಲ್ಲಿ ತಮ್ಮದೇ ಶಾಲೆ ತೆರೆದರು. ದಂತವೈದ್ಯ ಕಾಲೇಜುಗಳು ಈ ವಿಷಯಕ್ಕೆ ಸಾಕಷ್ಟು ಸಮಯ ನೀಡುತ್ತಿಲ್ಲ ಎಂಬ ಅಸಮಾಧಾನವೇ ಇದರ ಹಿಂದಿದ್ದ ಕಾರಣ. ಮರುವರ್ಷವೇ, 1901ರಲ್ಲಿ, ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಹುಟ್ಟಿಕೊಂಡಿತು. ಆ್ಯಂಗಲ್ ಅದರ ಮೊದಲ ಅಧ್ಯಕ್ಷರಾದರು. ದಂತವೈದ್ಯದ ಒಂದು ಶಾಖೆ ಹೀಗೆ ಪ್ರತ್ಯೇಕ ವಿಶೇಷ ವೃತ್ತಿಯಾಗಿ ನೆಲೆಯೂರಿತು.

ಒಂದು ಹಲ್ಲನ್ನೂ ಕೀಳಬಾರದು

ಆ್ಯಂಗಲ್ ಅವರ ವ್ಯಕ್ತಿತ್ವದ ಕೇಂದ್ರದಲ್ಲಿ ಇದ್ದದ್ದು ಒಂದು ಅಚಲ ನಂಬಿಕೆ. ನಿಸರ್ಗ ಮನುಷ್ಯನಿಗೆ ನೀಡಿರುವ ಪ್ರತಿಯೊಂದು ಹಲ್ಲಿಗೂ ಬಾಯಲ್ಲಿ ಸ್ಥಾನವಿದೆ. ಹಲ್ಲುಗಳೆಲ್ಲ ಸರಿಯಾಗಿ ಕೂಡಿಕೊಂಡರೆ ಮುಖದ ಚೆಲುವೂ ತಾನಾಗಿಯೇ ಬರುತ್ತದೆ. ಆದ್ದರಿಂದ ಜಾಗ ಸಾಲದು ಎಂದು ಹಲ್ಲು ಕೀಳುವುದು ಅವರ ದೃಷ್ಟಿಯಲ್ಲಿ ಅಪರಾಧಕ್ಕೆ ಸಮಾನವಾಗಿತ್ತು. ಆರಂಭದ ವರ್ಷಗಳಲ್ಲಿ ಅವರೂ ಅಗತ್ಯ ಬಿದ್ದಾಗ ಹಲ್ಲು ಕೀಳುವುದನ್ನು ಒಪ್ಪಿದ್ದರು. ಆದರೆ 1907ರಲ್ಲಿ ಬಂದ ಅವರ ಗ್ರಂಥದ ಏಳನೇ ಆವೃತ್ತಿಯ ಹೊತ್ತಿಗೆ ಆ ನಿಲುವು ಪೂರ್ಣವಾಗಿ ಬದಲಾಗಿತ್ತು.

ಮುಖದ ಚೆಲುವಿಗೊಂದು ಸೂತ್ರ ಬೇಕೆಂದು ಅವರು ಕಲಾಶಿಕ್ಷಕ ಎಡ್ಮಂಡ್ ವೂರ್ಪೆಲ್ ಅವರ ಮೊರೆಹೊಕ್ಕ ಪ್ರಸಂಗ ಸ್ವಾರಸ್ಯಕರವಾಗಿದೆ. ಗ್ರೀಕ್ ದೇವತೆ ಅಪೊಲೊನ ಪ್ರಾಚೀನ ಶಿಲ್ಪದ ಮುಖವನ್ನು ಆ್ಯಂಗಲ್ ಆದರ್ಶವೆಂದು ಹಿಡಿದಿದ್ದರು. ಎಲ್ಲ ಮುಖಗಳಿಗೂ ಒಪ್ಪುವ ಒಂದೇ ಅಳತೆ ಇರಲಾರದು, ಒಬ್ಬೊಬ್ಬರ ಮುಖದ ಸಮತೋಲನವೂ ಬೇರೆ ಬೇರೆ ಎಂದು ಕಲಾವಿದರು ಅವರಿಗೆ ತಿಳಿಹೇಳಿದರು. ಆ್ಯಂಗಲ್ ಆ ಮಾತನ್ನು ಗೌರವದಿಂದ ಸ್ವೀಕರಿಸಿದರು, ವೂರ್ಪೆಲ್ ಅವರಿಂದ ತಮ್ಮ ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡಿಸಿದರು. ಆದರೆ ಹಲ್ಲುಗಳ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಂದೇ ನಿಯಮ ಎಂಬ ಪಟ್ಟನ್ನು ಸಡಿಲಿಸಲಿಲ್ಲ.

ಷಿಕಾಗೋದ ಕ್ಯಾಲ್ವಿನ್ ಕೇಸ್ ಎಂಬ ಸಮಕಾಲೀನರು ಈ ಪಟ್ಟನ್ನು ಬಹಿರಂಗವಾಗಿ ಪ್ರಶ್ನಿಸಿದರು. ಕೆಲವು ರೋಗಿಗಳಲ್ಲಿ ಹಲ್ಲು ಕೀಳದೆ ಸಾಲು ನೇರ ಮಾಡಿದರೆ ತುಟಿಗಳು ಮುಂದಕ್ಕೆ ಉಬ್ಬಿ ಮುಖ ಕೆಡುತ್ತದೆ ಎಂಬುದು ಅವರ ವಾದ. 1911ರಲ್ಲಿ ಈ ಕುರಿತು ನಡೆದ ದೊಡ್ಡ ಚರ್ಚೆಯಲ್ಲಿ ಆ್ಯಂಗಲ್ ಪಕ್ಷವನ್ನು ಅವರ ಶಿಷ್ಯ ಮಾರ್ಟಿನ್ ಡ್ಯೂಯಿ ವಹಿಸಿದರು. ಅಂದಿನ ಮಟ್ಟಿಗೆ ಗೆದ್ದದ್ದು ಆ್ಯಂಗಲ್ ಪಕ್ಷವೇ. ಕೇಸ್ ಅವರ ಮಾತಿಗೆ ಕಿವಿಗೊಡಲು ವೃತ್ತಿ ಇನ್ನೂ ಹಲವು ವರ್ಷ ತೆಗೆದುಕೊಂಡಿತು.

ಆ್ಯಂಗಲ್ ಶಿಸ್ತಿನ ಮನುಷ್ಯ, ಮುಂಗೋಪಿ. ಭಿನ್ನಾಭಿಪ್ರಾಯವನ್ನು ದ್ರೋಹವೆಂದು ಬಗೆದು ಗೆಳೆಯರನ್ನು, ಶಿಷ್ಯರನ್ನು ದೂರ ಮಾಡಿಕೊಂಡದ್ದುಂಟು. ಆದರೂ ಅವರ ಬಳಿ ಕಲಿತವರಲ್ಲಿ ಹೆಚ್ಚಿನವರು ಕೊನೆಯವರೆಗೂ ಅವರನ್ನು ಭಕ್ತಿಯಿಂದ ನೆನೆದರು. 1908ರಲ್ಲಿ ಅವರು ವಿವಾಹವಾದ ಆನ್ನಾ ಹಾಪ್ಕಿನ್ಸ್ ಸ್ವತಃ ದಂತವೈದ್ಯ ಪದವೀಧರೆ. ಗ್ರಂಥ ರಚನೆ, ಶಾಲೆಯ ನಿರ್ವಹಣೆ, ಪತ್ರ ವ್ಯವಹಾರ ಎಲ್ಲದರಲ್ಲೂ ಅವರ ಪಾಲು ದೊಡ್ಡದು. ಶಿಷ್ಯರಿಗೆ ಆಕೆ ತಾಯಿಯ ಸ್ಥಾನದಲ್ಲಿದ್ದರು.

ಹಿಡಿತಕ್ಕಾಗಿ ನಾಲ್ಕು ಯತ್ನ

ಒಂದು ಹಲ್ಲನ್ನೂ ಕೀಳದೆ ಎಲ್ಲವನ್ನೂ ಸಾಲಿಗೆ ತರಬೇಕಾದರೆ ಪ್ರತಿ ಹಲ್ಲಿನ ಮೇಲೂ ಪೂರ್ಣ ಹಿಡಿತ ಬೇಕು. ಆ್ಯಂಗಲ್ ತಮ್ಮ ವೃತ್ತಿಜೀವನದ ಬಹುಪಾಲನ್ನು ಕಳೆದದ್ದು ಈ ಹಿಡಿತದ ಹುಡುಕಾಟದಲ್ಲಿ.

ಅವರ ಮೊದಲ ಪ್ರಮುಖ ಉಪಕರಣ ದಪ್ಪನೆಯ ಕಮಾನಿನ ತಂತಿ. ಹಿಂದಿನ ದವಡೆಹಲ್ಲುಗಳಿಗೆ ಪಟ್ಟಿ ಬಿಗಿದು, ಈ ಕಮಾನನ್ನು ಅವಕ್ಕೆ ಸಿಕ್ಕಿಸಿ, ಉಳಿದ ಹಲ್ಲುಗಳನ್ನು ಸಣ್ಣ ತಂತಿಯಿಂದ ಅದಕ್ಕೆ ಕಟ್ಟಲಾಗುತ್ತಿತ್ತು. ಹಲ್ಲಿನ ತಲೆ ವಾಲುತ್ತಿತ್ತೇ ಹೊರತು ಬೇರು ಸರಿಯುತ್ತಿರಲಿಲ್ಲ. 1910ರ ಸುಮಾರಿಗೆ ಅವರು ಪ್ರತಿ ಹಲ್ಲಿಗೂ ಪಟ್ಟಿ ತೊಡಿಸಿ, ಅದರ ಮೇಲಿನ ಪುಟ್ಟ ಕೊಳವೆಯೊಳಗೆ ಕಮಾನಿಗೆ ಬೆಸೆದ ಮೊಳೆ ಕೂರುವಂತೆ ಮಾಡಿದರು. ಹಿಡಿತವೇನೋ ದೊರೆಯಿತು. ಆದರೆ ಹಲ್ಲು ಸ್ವಲ್ಪ ಸರಿದಾಗಲೆಲ್ಲ ಮೊಳೆಗಳನ್ನು ಬಿಡಿಸಿ ಮತ್ತೆ ಬೆಸೆಯಬೇಕಿತ್ತು. ಅಷ್ಟು ನಾಜೂಕು ಕೆಲಸ ಬಲ್ಲವರು ಬೆರಳೆಣಿಕೆಯ ಮಂದಿ ಮಾತ್ರ. ಕೆಲವು ವರ್ಷಗಳ ನಂತರ ಬಂದ ಮೂರನೇ ಉಪಕರಣದಲ್ಲಿ ಕೊಳವೆಯ ಬದಲು ಸೀಳುಳ್ಳ ಬ್ರಾಕೆಟ್ ಇತ್ತು, ಅದರಲ್ಲಿ ರಿಬ್ಬನ್ನಿನಂತಹ ಚಪ್ಪಟೆ ತಂತಿ ಕೂರುತ್ತಿತ್ತು.

ಈ ಹೊತ್ತಿಗೆ ಆ್ಯಂಗಲ್ ಪೂರ್ವ ತೀರವನ್ನು ಬಿಟ್ಟು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ನೆಲೆಸಿದ್ದರು. ವಿಶ್ರಾಂತಿಗೆಂದು ಹೋದವರನ್ನು ಶಿಷ್ಯರು ಬಿಡಲಿಲ್ಲ. ಅಲ್ಲಿಯೂ ಶಾಲೆಯೊಂದು ತಲೆಯೆತ್ತಿತು. ಆಸ್ಟ್ರೇಲಿಯಾದ ರೇಮಂಡ್ ಬೆಗ್ ಸೇರಿದಂತೆ ಹಲವರು ಅಲ್ಲಿಗೆ ಬಂದು ಕಲಿತರು.

ಎಪ್ಪತ್ತರ ಹೊಸ್ತಿಲಲ್ಲಿ, 1925ರ ಸುಮಾರಿಗೆ, ಆ್ಯಂಗಲ್ ತಮ್ಮ ಕೊನೆಯ ಹಾಗೂ ಶ್ರೇಷ್ಠ ಉಪಕರಣವನ್ನು ಹೊರತಂದರು. ಅದೇ ಎಡ್ಜ್‌ವೈಸ್ ಬ್ರಾಕೆಟ್. ಲಂಬವಾಗಿದ್ದ ಸೀಳನ್ನು ಅವರು ಅಡ್ಡಲಾಗಿ ತಿರುಗಿಸಿದರು. ಸೀಳಿನ ಅಳತೆ 0.022 ಅಂಗುಲ ಎತ್ತರ, 0.028 ಅಂಗುಲ ಆಳ. ಅದಕ್ಕೆ ಸರಿಹೊಂದುವ ಆಯತಾಕಾರದ ತಂತಿಯನ್ನು ಅಂಚಿನ ಮೇಲೆ ನಿಲ್ಲಿಸಿ ಕೂರಿಸಿದಾಗ ಹಲ್ಲನ್ನು ಒಳಗೆ ಹೊರಗೆ, ಮೇಲೆ ಕೆಳಗೆ ಸರಿಸುವುದು ಮಾತ್ರವಲ್ಲ, ಬೇರನ್ನೂ ಬೇಕಾದ ದಿಕ್ಕಿಗೆ ತಿರುಗಿಸುವುದು ಸಾಧ್ಯವಾಯಿತು. ದುಂಡು ತಂತಿ ಸೀಳಿನಲ್ಲಿ ಉರುಳಬಲ್ಲದು, ಆಯತದ ತಂತಿ ಉರುಳಲಾರದು ಎಂಬ ಸರಳ ತತ್ವವೇ ಇದರ ಬಲ. ಇಂದು ಹಾಕುವ ಬಹುಪಾಲು ಬ್ರಾಕೆಟ್ಟುಗಳು ಲೋಹದ್ದಿರಲಿ, ಪಿಂಗಾಣಿಯದ್ದಿರಲಿ, ಇದೇ ಸೀಳಿನ ಸಂತತಿ. 0.022 ಅಂಗುಲದ ಅಳತೆಯೂ ಬಳಕೆಯಲ್ಲಿ ಉಳಿದಿದೆ.

ಉಳಿದುಹೋದ ತೊಡಕು

ಇಷ್ಟಾದರೂ ಆ ಬ್ರಾಕೆಟ್ ನೇರವಾಗಿ ಹಲ್ಲಿನ ಮೇಲೆ ಕೂರುತ್ತಿರಲಿಲ್ಲ. ಹಲ್ಲನ್ನು ಸುತ್ತುವರಿದ ಲೋಹದ ಪಟ್ಟಿಗೆ ಅದನ್ನು ಬೆಸೆಯಲಾಗುತ್ತಿತ್ತು. ಪಟ್ಟಿಯನ್ನು ಸಿಮೆಂಟಿನಿಂದ ಹಲ್ಲಿಗೆ ಕೂರಿಸಬೇಕಿತ್ತು. ಪಟ್ಟಿ ತೂರಿಸಲು ಮೊದಲು ಹಲ್ಲುಗಳ ನಡುವೆ ಸಂದು ಮಾಡಬೇಕು. ಆ ನೋವನ್ನು ಮಕ್ಕಳು ಸಹಿಸಬೇಕು. ಸಿಮೆಂಟ್ ಕರಗಿದರೆ ಪಟ್ಟಿಯ ಅಡಿಯಲ್ಲಿ ಎನಾಮಲ್ ಕಣ್ಣಿಗೆ ಕಾಣದಂತೆ ಹುಳುಕಾಗುತ್ತಿತ್ತು. ಚಿಕಿತ್ಸೆ ಮುಗಿದು ಪಟ್ಟಿ ಬಿಚ್ಚಿದಾಗ ಸಂದುಗಳು ಉಳಿಯುತ್ತಿದ್ದವು. ಒಂದು ಹಲ್ಲನ್ನೂ ಕಳೆದುಕೊಳ್ಳಬಾರದು ಎಂದು ಹಟ ಹಿಡಿದವರ ಉಪಕರಣವೇ ಹಲ್ಲಿನ ಮೈಗೆ ಅಪಾಯ ತರಬಹುದಾಗಿತ್ತು. ಎನಾಮಲ್ ಒಮ್ಮೆ ನಷ್ಟವಾದರೆ ಮತ್ತೆ ಬೆಳೆಯದು ಎಂಬುದನ್ನು ಇಲ್ಲಿ ನೆನೆಯಬೇಕು.

ಇದಕ್ಕೆ ಪರಿಹಾರ ಕಾಣುವ ಮುನ್ನವೇ 1930ರ ಆಗಸ್ಟ್ 11ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಆ್ಯಂಗಲ್ ನಿಧನರಾದರು. ಆಗ ಅವರ ವಯಸ್ಸು 75. ಅದೇ ವರ್ಷ ಶಿಷ್ಯರು ಅವರ ಹೆಸರಿನ ಸಂಘವನ್ನು ಕಟ್ಟಿದರು, 1931ರಲ್ಲಿ ಅವರ ಹೆಸರಿನ ನಿಯತಕಾಲಿಕವನ್ನೂ ಆರಂಭಿಸಿದರು. ಅದು ಇಂದಿಗೂ ಪ್ರಕಟವಾಗುತ್ತಿದೆ.

ಗುರುವನ್ನು ತಿದ್ದಿದ ಶಿಷ್ಯರು

ಎಡ್ಜ್‌ವೈಸ್ ಪದ್ಧತಿಯನ್ನು ಉಳಿಸಿ ಬೆಳೆಸುವ ಹೊಣೆಯನ್ನು ಆ್ಯಂಗಲ್ ವಹಿಸಿದ್ದು ಅರಿಜೋನಾದ ಚಾರ್ಲ್ಸ್ ಟ್ವೀಡ್ ಅವರಿಗೆ. ಟ್ವೀಡ್ ಗುರುವಿನ ಮಾತಿನಂತೆ ಒಂದು ಹಲ್ಲನ್ನೂ ಕೀಳದೆ ವರ್ಷಗಟ್ಟಲೆ ಚಿಕಿತ್ಸೆ ನೀಡಿದರು. ತಮ್ಮ ರೋಗಿಗಳನ್ನು ಮತ್ತೆ ಕರೆಸಿ ಪರೀಕ್ಷಿಸಿದಾಗ, ಹಲವರ ಹಲ್ಲುಗಳು ಮತ್ತೆ ವಕ್ರವಾಗಿದ್ದವು, ಕೆಲವರ ಮುಖ ಉಬ್ಬಿಕೊಂಡಿತ್ತು. ನಾಲ್ಕು ಹಲ್ಲುಗಳನ್ನು ಕಿತ್ತು ಅವರಿಗೆ ಮರುಚಿಕಿತ್ಸೆ ನೀಡಿ, 1940ರಲ್ಲಿ ನೂರು ರೋಗಿಗಳ ದಾಖಲೆಗಳನ್ನು ವೃತ್ತಿಬಾಂಧವರ ಮುಂದಿಟ್ಟರು. ಆ್ಯಂಗಲ್ ಅನುಯಾಯಿಗಳು ಕೆರಳಿದರು. ಆದರೆ ಸಾಕ್ಷ್ಯ ಕಣ್ಣೆದುರಿಗಿತ್ತು. ಆಸ್ಟ್ರೇಲಿಯಾದಲ್ಲಿ ಬೆಗ್ ಕೂಡ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದಿದ್ದರು. ಗುರುವಿನ ನಿಯಮವನ್ನು ಕೈಬಿಟ್ಟ ಈ ಇಬ್ಬರೂ ಗುರು ಕೊಟ್ಟ ಬ್ರಾಕೆಟ್ಟನ್ನು ಮಾತ್ರ ಬಿಡಲಿಲ್ಲ. ಟ್ವೀಡ್ ಎಡ್ಜ್‌ವೈಸ್ ಬಳಸಿದರೆ, ಬೆಗ್ ಅದಕ್ಕೂ ಹಿಂದಿನ ರಿಬ್ಬನ್ ಬ್ರಾಕೆಟ್ಟನ್ನು ತಲೆಕೆಳಗು ಮಾಡಿ ಬಳಸಿದರು.

ಆಮ್ಲ, ಆನಂತರ ಬೆಳಕು

ಪಟ್ಟಿಯ ತೊಡಕು ನಿವಾರಣೆಯಾದದ್ದು ಇನ್ನೊಂದು ದಿಕ್ಕಿನಿಂದ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಸಂಶೋಧಕರಾಗಿದ್ದ ಮೈಕೆಲ್ ಬೂನೊಕೋರ್, ಬಣ್ಣ ಬಳಿಯುವ ಮುನ್ನ ಲೋಹದ ಹಾಳೆಗೆ ಫಾಸ್ಫರಿಕ್ ಆಮ್ಲ ಸವರುವ ಕೈಗಾರಿಕಾ ಕ್ರಮವನ್ನು ಗಮನಿಸಿದ್ದರು. 1955ರಲ್ಲಿ ಅವರು ಅದನ್ನೇ ಎನಾಮಲ್ ಮೇಲೆ ಪ್ರಯೋಗಿಸಿದ ವರದಿ ಪ್ರಕಟಿಸಿದರು. ಶೇ 85ರಷ್ಟು ತೀಕ್ಷ್ಣ ಆಮ್ಲವನ್ನು 30 ಸೆಕೆಂಡು ಸವರಿ ತೊಳೆದರೆ ಎನಾಮಲ್‌ನಲ್ಲಿ ಸೂಕ್ಷ್ಮ ರಂಧ್ರಗಳು ಮೂಡುತ್ತವೆ. ದ್ರವರೂಪದ ರಾಳ ಅವುಗಳೊಳಗೆ ಇಳಿದು ಗಟ್ಟಿಯಾಗಿ ಬೇರಿನಂತೆ ಕಚ್ಚಿಕೊಳ್ಳುತ್ತದೆ. 1960ರ ದಶಕದಲ್ಲಿ ನ್ಯೂಜೆರ್ಸಿಯ ಜಾರ್ಜ್ ನ್ಯೂಮನ್ ಈ ವಿಧಾನದಿಂದ ಬ್ರಾಕೆಟ್ಟನ್ನು ನೇರವಾಗಿ ಹಲ್ಲಿಗೆ ಅಂಟಿಸಿದರು. ಮುಂದಿನ ಎರಡು ದಶಕಗಳಲ್ಲಿ ಮುಂಭಾಗದ ಹಲ್ಲುಗಳಿಂದ ಪಟ್ಟಿಗಳು ಬಹುತೇಕ ಕಣ್ಮರೆಯಾದವು. ಈಗ ಬಳಸುವುದು ಸಾಮಾನ್ಯವಾಗಿ ಶೇ 37ರಷ್ಟು ಆಮ್ಲ, ಅದೂ 15ರಿಂದ 30 ಸೆಕೆಂಡು ಮಾತ್ರ.

ಆಮ್ಲಕ್ಕೂ ತನ್ನದೇ ದೋಷವಿದೆ. ಅದು ಎನಾಮಲ್‌ನ ಖನಿಜವನ್ನು ಕರಗಿಸುತ್ತದೆ. ಬ್ರಾಕೆಟ್ ಸುತ್ತ ಸ್ವಚ್ಛತೆ ತಪ್ಪಿದರೆ ಬಿಳಿ ಕಲೆಗಳು ಮೂಡಿ ಹುಳುಕಿಗೆ ದಾರಿಯಾಗುತ್ತದೆ. ಇಲ್ಲಿಯೇ ಲೇಸರ್ ಪ್ರವೇಶ. ಆ್ಯಂಗಲ್ ಕೊನೆಯುಸಿರೆಳೆದ ಸಾಂಟಾ ಮೋನಿಕಾದ ಕಡಲತೀರದಲ್ಲೇ ಮುಂದಕ್ಕೆ ಸಾಗಿದರೆ ಮಾಲಿಬು ಸಿಗುತ್ತದೆ. ಅಲ್ಲಿನ ಪ್ರಯೋಗಾಲಯದಲ್ಲಿ 1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ಕೆಲವೇ ವರ್ಷಗಳಲ್ಲಿ ಅದನ್ನು ಹಲ್ಲಿನ ಮೇಲೂ ಪರೀಕ್ಷಿಸಲಾಯಿತು. ಆದರೆ ಆ ಮಾಣಿಕ್ಯ ಲೇಸರ್‌ನ ಶಾಖ ಎನಾಮಲ್ ಕರಗಿಸುವಷ್ಟಿತ್ತು, ಒಳಗಿನ ಜೀವಂತ ತಿರುಳಿಗೂ ಅಪಾಯಕಾರಿಯಾಗಿತ್ತು.

ಭರವಸೆ ಮೂಡಿಸಿದ್ದು ಎರ್ಬಿಯಂ ಲೇಸರ್‌ಗಳು. ಎರ್ಬಿಯಂ ಯಾಗ್ ಲೇಸರ್‌ನ ತರಂಗಾಂತರ 2,940 ನ್ಯಾನೊಮೀಟರ್. ಎರ್ಬಿಯಂ ಜೊತೆ ಕ್ರೋಮಿಯಂ ಬೆರೆತ ಇನ್ನೊಂದರದ್ದು 2,780. ಈ ಬೆಳಕನ್ನು ನೀರು ತೀವ್ರವಾಗಿ ಹೀರಿಕೊಳ್ಳುತ್ತದೆ. ಎನಾಮಲ್‌ನೊಳಗಿನ ಅತ್ಯಲ್ಪ ನೀರಿನಂಶ ಕ್ಷಣಾರ್ಧದಲ್ಲಿ ಆವಿಯಾಗಿ, ಸೂಕ್ಷ್ಮ ಸ್ಫೋಟಗಳಿಂದ ಖನಿಜದ ಕಣಗಳನ್ನು ಸಿಡಿಸುತ್ತದೆ. ಒರಟು ಮೈ ಸಿದ್ಧವಾಗುತ್ತದೆ. ಜೊತೆಗೆ ಹರಿಸುವ ನೀರಿನ ತುಂತುರು ಹಲ್ಲನ್ನು ತಂಪಾಗಿಡುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಎರ್ಬಿಯಂ ಯಾಗ್ ಲೇಸರನ್ನು ಹಲ್ಲಿನ ಗಟ್ಟಿ ಭಾಗಗಳ ಮೇಲೆ ಬಳಸಲು ಅನುಮತಿ ನೀಡಿತು. ಲೇಸರ್ ತಾಗಿದ ಎನಾಮಲ್ ಹುಳುಕು ತರುವ ಆಮ್ಲವನ್ನು ಹೆಚ್ಚು ತಡೆದುಕೊಳ್ಳುತ್ತದೆ ಎಂದು ಹಲವು ಅಧ್ಯಯನಗಳು ಸೂಚಿಸಿವೆ.

ಹಾಗೆಂದು ಆಮ್ಲದ ಕಾಲ ಮುಗಿದಿಲ್ಲ. ಲೇಸರ್‌ನಿಂದ ಸಿದ್ಧಪಡಿಸಿದ ಹಲ್ಲಿನ ಅಂಟುಬಲ ಕೆಲವು ಪ್ರಯೋಗಗಳಲ್ಲಿ ಆಮ್ಲಕ್ಕೆ ಸರಿಸಮವಾಗಿದ್ದರೆ, ಕೆಲವದರಲ್ಲಿ ಕಡಿಮೆ ಕಂಡಿದೆ. ಕಿರಣದ ಶಕ್ತಿ, ಅವಧಿ, ನೀರಿನ ಪ್ರಮಾಣ ಸ್ವಲ್ಪ ಬದಲಾದರೂ ಫಲಿತಾಂಶ ಬದಲಾಗುತ್ತದೆ. ಯಂತ್ರ ದುಬಾರಿ, ಸಮಯವೂ ಹೆಚ್ಚು. ಅಂಟು ಅತಿ ಬಲವಾದರೂ ಕಷ್ಟವೇ, ಬಿಚ್ಚುವಾಗ ಎನಾಮಲ್ ಚೂರು ಕಿತ್ತುಬರಬಾರದಲ್ಲ! ಆದ್ದರಿಂದ ದಿನನಿತ್ಯದ ಚಿಕಿತ್ಸೆಯಲ್ಲಿ ಆಮ್ಲದ್ದೇ ಮೇಲುಗೈ.

ಆ್ಯಂಗಲ್ ಹಾಕಿಕೊಟ್ಟ ಸೀಳು ಸುಮಾರು ಒಂದು ಶತಮಾನದ ನಂತರವೂ ಹಾಗೆಯೇ ಉಳಿದಿದೆ. ಒಂದು ಹಲ್ಲನ್ನೂ ಕೀಳಬಾರದು ಎಂಬ ಅವರ ನಿಯಮ ಉಳಿಯಲಿಲ್ಲ. ಇಂದಿನ ವೈದ್ಯರು ಅಗತ್ಯವಿದ್ದಲ್ಲಿ ಕೀಳುತ್ತಾರೆ, ಇಲ್ಲದಲ್ಲಿ ಬಿಡುತ್ತಾರೆ. ಆದರೆ ಆ ನಿಯಮದ ಹಿಂದಿದ್ದ ಕಾಳಜಿ, ಅಂದರೆ ಹಲ್ಲನ್ನು ಸರಿಪಡಿಸುವ ಭರದಲ್ಲಿ ಹಲ್ಲಿಗೇ ಹಾನಿಯಾಗಬಾರದು ಎಂಬ ಎಚ್ಚರ, ಆಮ್ಲದ ಸೆಕೆಂಡುಗಳನ್ನು ಕಡಿತಗೊಳಿಸಿದವರಲ್ಲೂ ಲೇಸರ್‌ನ ಶಾಖವನ್ನು ಅಳೆಯುತ್ತಿರುವವರಲ್ಲೂ ಮುಂದುವರಿದಿದೆ. ಮಗುವಿಗೆ ಕ್ಲಿಪ್ ಹಾಕಿಸಲು ಹೊರಡುವ ಪೋಷಕರು ಆಮ್ಲವೋ ಲೇಸರೋ ಎಂದು ಚಿಂತಿಸುವುದಕ್ಕಿಂತ, ಚಿಕಿತ್ಸೆಯ ತಿಂಗಳುಗಳಲ್ಲಿ ಬ್ರಾಕೆಟ್ ಸುತ್ತ ದಿನವೂ ಬ್ರಷ್ ಆಡುತ್ತಿದೆಯೇ ಎಂದು ನೋಡಿಕೊಳ್ಳುವುದು ಲೇಸು. ಎನಾಮಲ್ ಉಳಿಯುವುದು ಬಹುಮಟ್ಟಿಗೆ ಅದರಿಂದಲೇ.